ಹಡಗಿನೊಳಗೊಂದು ತೋಟ, ಪಕ್ಕದಲ್ಲೇ ಬೆಂಕಿ

ಇವತ್ತಿನದು ಸಮುದ್ರದ ಕಥೆ. ಆದರೆ ಇದರಲ್ಲಿ ನೀರು ಕಡಿಮೆ, ಗಿಡಮರ ಜಾಸ್ತಿ.

ಕ್ರೂಸ್ ಹಡಗಿನ ರೀಲ್ಸ್ ನಿಮ್ಮ ಫೋನಲ್ಲೂ ಒಂದಲ್ಲ ಒಂದು ಸಲ ಬಂದಿರುತ್ತೆ. ಬಂದಿಲ್ಲ ಅಂದ್ರೆ 'ಓಯಸಿಸ್ ಆಫ್ ದಿ ಸೀಸ್' ಅಂತ ಹುಡುಕಿ ನೋಡಿ. 2009ರಲ್ಲಿ ಓಡಾಟ ಶುರು ಮಾಡಿದ ಹಡಗು. ಅದರ ಹೊಟ್ಟೆಯ ಮಧ್ಯದಲ್ಲಿ, ಆಕಾಶಕ್ಕೆ ತೆರೆದುಕೊಂಡ ಹಾಗೆ ಒಂದು ಪಾರ್ಕ್ ಇದೆ. ಹೆಸರು ಸೆಂಟ್ರಲ್ ಪಾರ್ಕ್. ಅಲ್ಲಿ 12,000ಕ್ಕೂ ಹೆಚ್ಚು ಗಿಡ, ಬಳ್ಳಿ, ಮರ. ಪ್ಲಾಸ್ಟಿಕ್ ಅಲ್ಲ, ನಿಜವಾದವು. ನೋಡಿಕೊಳ್ಳೋಕೆ ತೋಟಗಾರರೂ ಇದ್ದಾರೆ. ಆ ಪಾರ್ಕಿನ ಎರಡೂ ಕಡೆ ರೂಮುಗಳು, ರೂಮುಗಳಿಗೆ ಬಾಲ್ಕನಿ. ಆ ಬಾಲ್ಕನಿಯಲ್ಲಿ ನಿಂತರೆ ನಿಮಗೆ ಕಾಣೋದು ಗಿಡಮರ. ಸಮುದ್ರ ನೋಡಬೇಕು ಅಂದ್ರೆ ಎದ್ದು ಹೊರಗೆ ಹೋಗಬೇಕು! ಸಮುದ್ರಯಾನಕ್ಕೆ ದುಡ್ಡು ಕೊಟ್ಟು, ಸಮುದ್ರ ಕಾಣದ ಬಾಲ್ಕನಿ ತಗೊಳ್ಳೋದು. ವಿಚಿತ್ರ ಅನ್ಸುತ್ತೆ, ಆದರೆ ಈ ಆಸೆಗೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ಇನ್ನೊಂದು ವಿಚಿತ್ರ ಹೇಳ್ತೀನಿ. ಪಾರ್ಕಲ್ಲಿ ಜೀವಂತ ಮರ ಇಟ್ಟಿರೋ ಇಂಥ ಹಡಗುಗಳಲ್ಲಿ, ರೂಮಿನ ಗೋಡೆಯ ಮೇಲೆ ಕಾಣೋ 'ಮರ' ಸಾಮಾನ್ಯವಾಗಿ ಮರವೇ ಅಲ್ಲ. ಮರದ ಎಳೆ, ಗಂಟು, ಬಣ್ಣ ಎಲ್ಲ ಇರುತ್ತೆ. ಬೆರಳಲ್ಲಿ ತಟ್ಟಿದರೆ ಲೋಹದ ಸದ್ದು. ಯಾಕೆ ಹೀಗೆ? ಹೇಳಬೇಕು ಅಂದ್ರೆ ಮೊದಲು ತೋಟದ ಕಥೆ ಹೇಳಬೇಕು, ಆಮೇಲೆ ಬೆಂಕಿಯದು.

ಕ್ರಿಸ್ತಪೂರ್ವ ಮೂರನೇ ಶತಮಾನ. ಸಿಸಿಲಿ ದ್ವೀಪದ ಸಿರಾಕ್ಯೂಸ್ ಎಂಬ ನಗರದ ದೊರೆ ಎರಡನೇ ಹೈರೋ ಒಂದು ಭಾರೀ ಹಡಗು ಕಟ್ಟಿಸಿದ. ಉಸ್ತುವಾರಿ ಯಾರದು ಗೊತ್ತಾ? ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಅಂತ ನಾವೆಲ್ಲ ಸ್ಕೂಲಲ್ಲಿ ಕೇಳಿರೋ ಅದೇ ಆರ್ಕಿಮಿಡೀಸ್. ಹಡಗಿನ ಹೆಸರು ಸಿರಾಕ್ಯೂಸಿಯಾ. ಅಥೀನಿಯಸ್ ಎಂಬ ಗ್ರೀಕ್ ಬರಹಗಾರ, ಮೋಸ್ಕಿಯಾನ್ ಅನ್ನೋ ಹಳೆಯ ಲೇಖಕನನ್ನು ಆಧರಿಸಿ, ಇದರ ವರ್ಣನೆಯನ್ನು ಉಳಿಸಿಟ್ಟಿದ್ದಾನೆ. ಮೇಲಿನ ಅಂತಸ್ತಿನಲ್ಲಿ ತೋಟ. ಗಿಡಗಳಿಗೆ ಕಣ್ಣಿಗೆ ಕಾಣದ ಹಾಗೆ ಸೀಸದ ಕೊಳವೆಗಳಲ್ಲಿ ನೀರು. ಮಣ್ಣು ತುಂಬಿದ ಮಡಕೆಗಳಲ್ಲಿ ಬೇರು ಬಿಟ್ಟ ದ್ರಾಕ್ಷಿ ಬಳ್ಳಿ, ಐವಿ ಬಳ್ಳಿ, ಅವುಗಳ ಚಪ್ಪರದ ನೆರಳಲ್ಲಿ ನಡೆದಾಡೋ ದಾರಿ. ಓಯಸಿಸ್ ಪಾರ್ಕಿನ ಕುಂಡ, ಕೊಳವೆಗಳ ಮುತ್ತಜ್ಜ ಇದು ಅಂತ ನನಗನ್ಸುತ್ತೆ.

ಅದೇ ವರ್ಣನೆಯಲ್ಲಿ ಇನ್ನೊಂದು ಸಾಲಿನ ವಿಷಯ ನನ್ನ ತಲೆಯಿಂದ ಹೋಗೋದೇ ಇಲ್ಲ. ಈ ಒಂದು ಹಡಗಿಗೆ ಎಟ್ನಾ ಪರ್ವತದಿಂದ ತಂದ ಮರದಲ್ಲಿ ಅರವತ್ತು ಯುದ್ಧನೌಕೆ ಕಟ್ಟಬಹುದಿತ್ತಂತೆ. ಹಡಗಿನ ಮೇಲೆ ಒಂದು ಪುಟ್ಟ ತೋಟ ಇಡೋಕೆ ದಡದ ಮೇಲೊಂದು ಕಾಡು ಖಾಲಿ ಆಯ್ತು. ಹಾಗೆ ಕಟ್ಟಿದ ಹಡಗು ನಿಲ್ಲೋಕೆ ಎಲ್ಲ ಬಂದರುಗಳಲ್ಲೂ ಜಾಗ ಸಾಲಲಿಲ್ಲ, ಹೈರೋ ಅದನ್ನು ಈಜಿಪ್ಟಿನ ದೊರೆಗೆ ಉಡುಗೊರೆಯಾಗಿ ಕಳಿಸಿಬಿಟ್ಟ.

ಈಗ ಒಂದು ದೊಡ್ಡ ಜಿಗಿತ. 1891. ಜರ್ಮನಿಯ ಹಾಂಬರ್ಗ್‌ನ ಹಡಗು ಕಂಪನಿಯೊಂದರ ಮುಖ್ಯಸ್ಥರಲ್ಲಿ ಒಬ್ಬರಾದ ಆಲ್ಬರ್ಟ್ ಬಾಲಿನ್‌ಗೆ ಒಂದು ತಲೆನೋವು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟೋ ಪ್ರಯಾಣಿಕರು ಕಡಿಮೆ, ಹಡಗುಗಳು ಸುಮ್ಮನೆ ನಿಂತಿರ್ತಿದ್ದವು. ಸರಿ, 'ಆಗಸ್ಟಾ ವಿಕ್ಟೋರಿಯಾ' ಅನ್ನೋ ಹಡಗಲ್ಲಿ ಜನರನ್ನು ಹತ್ತಿಸಿಕೊಂಡು, ಮೆಡಿಟರೇನಿಯನ್ ಸುತ್ತಿಸಿಕೊಂಡು ಬಂದರು. ಎಲ್ಲಿಗೋ ತಲುಪಬೇಕು ಅಂತ ಅಲ್ಲ, ಸುತ್ತೋಕೆ ಅಂತಲೇ ಹೊರಟ ಪ್ರಯಾಣ. ಇವತ್ತಿನ ಕ್ರೂಸ್ ವ್ಯಾಪಾರದ ಬೇರು ಹೆಚ್ಚುಕಡಿಮೆ ಇಲ್ಲಿದೆ.

ಹಡಗೇ ಹೋಟೆಲ್ ಆದಮೇಲೆ, ಹೋಟೆಲ್ ಕಟ್ಟೋರನ್ನೇ ಕರೀಬೇಕಲ್ವಾ? ಪ್ಯಾರಿಸ್‌ನ ರಿಟ್ಜ್ ಹೋಟೆಲಿನ ವಾಸ್ತುಶಿಲ್ಪಿ ಶಾರ್ಲ್ ಮೆವೆಸ್ ಅವರನ್ನು ಬಾಲಿನ್ ಕರೆಸಿದರು. 1913ರ 'ಇಂಪರೇಟರ್' ಹಡಗಿನಲ್ಲಿ ಮೆವೆಸ್ ತಾಳೆ ಗಿಡಗಳ ಒಳಾಂಗಣ ತೋಟ ಮಾಡಿದರು. ಯುರೋಪಿನಲ್ಲಿ ಇದನ್ನು 'ವಿಂಟರ್ ಗಾರ್ಡನ್' ಅಂತಿದ್ರು. ಹೊರಗೆ ಹಿಮ, ಒಳಗೆ ಬಿಸಿನಾಡಿನ ಗಿಡ. ಶ್ರೀಮಂತರ ಮನೆಗಳಲ್ಲಿ ಆಗ ಅದೊಂದು ಹುಚ್ಚು.

ಮೆವೆಸ್ ಅವರ ಪಾಲುದಾರ ಆರ್ಥರ್ ಡೇವಿಸ್ 'ಅಕ್ವಿಟೇನಿಯಾ' ಹಡಗಿನ ಒಳಾಂಗಣ ಮಾಡಿದವರು. ಹಡಗನ್ನು ಹಡಗಿನ ಥರ ಯಾಕೆ ಮಾಡಲ್ಲ ಅಂತ ಅವರನ್ನು ಕೇಳ್ತಿದ್ರು. 1922ರಲ್ಲಿ ಅವರು ಕೊಟ್ಟ ಉತ್ತರದ ಸಾರಾಂಶ ಇಷ್ಟು: ನಮ್ಮ ಹಡಗಿನಲ್ಲಿ ಬರೋರು ಕಡಲ್ಗಳ್ಳರಲ್ಲ, ಹೊಟ್ಟೆ ತೊಳಸಿ ಮಲಗಿರೋ ಅಮೆರಿಕನ್ ಹೆಂಗಸರು. ತಾವು ಹಡಗಿನಲ್ಲಿದ್ದೇವೆ ಅನ್ನೋದನ್ನೇ ಅವರು ಮರೀಬೇಕು. ಹೆಂಗಸರ ಬಗ್ಗೆ ಆಡಿದ ಮಾತಿನ ಧಾಟಿ ನನಗೆ ಹಿಡಿಸಲ್ಲ, ಆದರೆ ಗಿರಾಕಿಯ ಭಯ ಡೇವಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಹಡಗಿನಲ್ಲಿ ತೋಟ ಬಂದದ್ದು ಪ್ರಕೃತಿಪ್ರೇಮದಿಂದ ಅನ್ನೋದಕ್ಕಿಂತ, ಕೆಳಗೆ ಅಷ್ಟೊಂದು ನೀರಿದೆ ಅನ್ನೋದನ್ನು ಮರೆಸೋಕೆ.

ಟೈಟಾನಿಕ್‌ನಲ್ಲೂ ಇದಿತ್ತು. ಸಿನಿಮಾ ನೋಡಿದವರಿಗೆ ದೊಡ್ಡ ಮೆಟ್ಟಿಲು ನೆನಪಿರುತ್ತೆ. ಹಡಗಿನ ಹಿಂಭಾಗದಲ್ಲಿ 'ವೆರಾಂಡಾ ಕೆಫೆ' ಅಂತ ಇತ್ತು. ಬೆತ್ತದ ಕುರ್ಚಿಗಳು, ಗೋಡೆಗೆ ಜಾಲರಿ, ಜಾಲರಿಗೆ ಹಬ್ಬಿದ ನಿಜವಾದ ಐವಿ ಬಳ್ಳಿ. ನಮ್ಮ ಮಲೆನಾಡಿನ ಮನೆಯ ಜಗಲಿಯಲ್ಲಿ ಕೂತ ಹಾಗೆ ಅನ್ನಿ. ಇನ್ನು ಆ ದೊಡ್ಡ ಮೆಟ್ಟಿಲು, ಲೌಂಜುಗಳು ಎಲ್ಲ ಓಕ್ ಮರ. ಅದರ ಮೇಲೆ ಹೂವು, ಹಣ್ಣು, ಎಲೆಗಳ ಕೆತ್ತನೆ. 1912ರ ಏಪ್ರಿಲ್‌ನಲ್ಲಿ ಹಡಗು ಮುಳುಗಿತು, ಕಬ್ಬಿಣ ಕೆಳಗೆ ಹೋಯ್ತು, ಕೆತ್ತಿದ ಮರ ತೇಲಿತು. ಶವಗಳನ್ನು ಎತ್ತೋಕೆ ಹೋದ ಕೇಬಲ್ ಹಡಗುಗಳ ಸಿಬ್ಬಂದಿ ಆ ತುಂಡುಗಳನ್ನೂ ಎತ್ತಿಕೊಂಡು ಬಂದರು. ಕೆನಡಾದ ಹ್ಯಾಲಿಫ್ಯಾಕ್ಸ್‌ನ ಕಡಲ ಮ್ಯೂಸಿಯಂನಲ್ಲಿ ಅವುಗಳಲ್ಲಿ ಕೆಲವು ಇವತ್ತಿಗೂ ಇವೆ.

ಮರದ ಮಾತು ಬಂತಲ್ಲ, ಇದರಲ್ಲಿ ನಮ್ಮ ಕಡೆಯ ಪಾಲೂ ಇದೆ. ಹಡಗಿಗೆ ತೇಗಕ್ಕಿಂತ ಒಳ್ಳೆಯ ಮರ ಇಲ್ಲ ಅಂತ ನಾವಿಕರೆಲ್ಲ ಒಪ್ಪುತ್ತಿದ್ದರು. ಅದರ ಎಣ್ಣೆಯಂಶದಿಂದಾಗಿ ಉಪ್ಪುನೀರಿಗೆ ಬೇಗ ಕೊಳೆಯಲ್ಲ, ಕಬ್ಬಿಣದ ಮೊಳೆಯನ್ನೂ ಹಾಳು ಮಾಡಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಮಲಬಾರ್ ಮತ್ತು ಕೆನರಾ ಕರಾವಳಿಯ ಕಾಡುಗಳ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಹಿಡಿತ ಬಿಗಿಯಾಯ್ತು. ಬೊಂಬಾಯಿಯ ಹಡಗುಕಟ್ಟೆಗೆ ತೇಗ ಬೇಕಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅನ್ನೋರನ್ನು ಮಲಬಾರ್ ಮತ್ತು ತಿರುವಾಂಕೂರಿನ 'ಕಾಡು ಸಂರಕ್ಷಣಾಧಿಕಾರಿ' ಅಂತ ನೇಮಿಸಿದರು. ಹೆಸರು ಸಂರಕ್ಷಣೆ, ಕೆಲಸ ನೌಕಾಪಡೆಗೆ ತೇಗ ಒದಗಿಸೋದು. ಕಾಳಿ ನದಿಯಲ್ಲಿ ದಿಮ್ಮಿಗಳನ್ನು ತೇಲಿಬಿಟ್ಟು ಕಾರವಾರದ ಕಡೆಗೆ ಸಾಗಿಸ್ತಿದ್ರು. ಬೊಂಬಾಯಿಯಲ್ಲಿ 1817ರಲ್ಲಿ ಮಲಬಾರ್ ತೇಗದಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲೆ ತೇಲ್ತಾ ಇದೆ. ಇನ್ನೂರು ವರ್ಷ ದಾಟಿತು.

ಸಾಮ್ರಾಜ್ಯದ ಕಾಡುಗಳನ್ನು ಒಳಾಂಗಣದಲ್ಲಿ ತೋರಿಸೋ ಈ ಚಟ ಮೇಲಕ್ಕೇರಿದ್ದು 1936ರಲ್ಲಿ, 'ಕ್ವೀನ್ ಮೇರಿ' ಹಡಗಿನಲ್ಲಿ. 'ಚಂದದ ಮರಗಳ ಹಡಗು' ಅಂತಲೇ ಅದಕ್ಕೆ ಹೆಸರು. ಬ್ರಿಟಿಷ್ ಸಾಮ್ರಾಜ್ಯದ ಬೇರೆ ಬೇರೆ ಭಾಗಗಳಿಂದ ತಂದ 56 ಜಾತಿಯ ಮರಗಳ ವೆನೀರ್ ಅದರ ಗೋಡೆಗಳ ಮೇಲಿತ್ತು. ಈಗ ಅದು ಅಮೆರಿಕದ ಲಾಂಗ್ ಬೀಚ್‌ನಲ್ಲಿ ಹೋಟೆಲ್ ಆಗಿ ನಿಂತಿದೆ, ಹೋದವರು ಗೋಡೆ ಸವರಿ ನೋಡಬಹುದು.

ಆದರೆ ಕ್ವೀನ್ ಮೇರಿ ಓಡಾಡೋಕೆ ಶುರು ಮಾಡೋ ಮೊದಲೇ, ಮರದ ಗೋಡೆಯ ಹಡಗುಗಳು ಒಂದರ ಹಿಂದೆ ಒಂದು ಹೊತ್ತಿ ಉರಿದಿದ್ದವು. 1932ರ ಮೇ ತಿಂಗಳು, ಫ್ರಾನ್ಸಿನ 'ಜಾರ್ಜ್ ಫಿಲಿಪ್ಪಾರ್' ತನ್ನ ಮೊದಲ ಯಾನ ಮುಗಿಸಿ ಏಷ್ಯಾದಿಂದ ವಾಪಸ್ ಹೋಗ್ತಾ ಏಡನ್ ಕೊಲ್ಲಿಯಲ್ಲಿ ಸುಟ್ಟುಹೋಯ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಫ್ರಾನ್ಸಿನ ಹೆಸರಾಂತ ಪತ್ರಕರ್ತ ಆಲ್ಬೇರ್ ಲೋಂದ್ರ್ ಒಬ್ಬರು. ಮುಂದಿನ ಜನವರಿಯಲ್ಲಿ 'ಲತ್ಲಾಂತಿಕ್'. ಅದರಲ್ಲಿ ಪ್ರಯಾಣಿಕರಿರಲಿಲ್ಲ, ಸಿಬ್ಬಂದಿಯಲ್ಲಿ 19 ಜನ ಹೋದರು.

ಆಮೇಲೆ 'ಮೊರೊ ಕ್ಯಾಸಲ್'. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1934ರ ಸೆಪ್ಟೆಂಬರ್ 8ರ ನಸುಕು. ಕ್ಯೂಬಾದ ಹವಾನಾದಿಂದ ನ್ಯೂಯಾರ್ಕ್‌ಗೆ ವಾಪಸ್ ಬರ್ತಿದ್ದ ಐಷಾರಾಮಿ ಹಡಗು. 549 ಜನ. ಹಿಂದಿನ ಸಂಜೆಯಷ್ಟೇ ಕ್ಯಾಪ್ಟನ್ ತೀರಿಕೊಂಡಿದ್ದಾರೆ. ಹೊರಗೆ ಜೋರು ಗಾಳಿ. ಬೆಳಗಿನ ಜಾವ ಮೂರರ ಹತ್ತಿರ, ಪ್ರಯಾಣಿಕರು ಕೂತು ಪತ್ರ ಬರೆಯೋ ಕೋಣೆಯ ಒಂದು ಬೀರುವಿನಲ್ಲಿ ಬೆಂಕಿ ಕಾಣಿಸ್ತು. ಒಂದು ಬೀರು, ಅಷ್ಟೇ. ಬೀರುವಿನಾಚೆ ಮರದ ಹಲಗೆ, ಅಂಟಿಸಿದ ವೆನೀರ್, ಪಾಲಿಶ್. ಯಾವುದು ಕೋಣೆಯನ್ನು ಚಂದ ಕಾಣಿಸ್ತಿತ್ತೋ ಅದೇ ಸೌದೆ ಆಯ್ತು. ಹಡಗು ಗಾಳಿಗೆ ಮುಖ ಮಾಡಿ ಓಡ್ತಾನೇ ಇತ್ತು, ತಿದಿ ಒತ್ತಿದ ಹಾಗೆ. ಅಪಾಯದ ಸಂದೇಶ ಕಳಿಸೋದು ತಡ ಆಯ್ತು. ನೀರಿಗಿಳಿದ ಲೈಫ್‌ಬೋಟ್‌ಗಳಲ್ಲಿ ನಾನೂರಕ್ಕೂ ಹೆಚ್ಚು ಜನ ಕೂರಬಹುದಿತ್ತು. ಕೂತಿದ್ದವರು 85 ಜನ, ಅದರಲ್ಲೂ ಹೆಚ್ಚಿನವರು ಹಡಗಿನ ನೌಕರರು. ಪ್ರಯಾಣಿಕರು ಹಿಂಭಾಗದಲ್ಲಿ ಸಿಕ್ಕಿಕೊಂಡು, ಕೊನೆಗೆ ಕತ್ತಲ ಸಮುದ್ರಕ್ಕೆ ಹಾರಿದರು. ಸತ್ತವರು 137.

ಉರಿಯುತ್ತಿದ್ದ ಹಡಗು ತೇಲಿಕೊಂಡು ಹೋಗಿ ನ್ಯೂಜೆರ್ಸಿಯ ಆಸ್ಬರಿ ಪಾರ್ಕ್ ಬೀಚಿಗೆ ತಗುಲಿಕೊಂಡಿತು. ಜಾತ್ರೆಗೆ ಬಂದ ಹಾಗೆ ಜನ ಅದನ್ನು ನೋಡೋಕೆ ಬಂದರು. ಬೆಂಕಿ ಯಾರಾದ್ರೂ ಹಚ್ಚಿದ್ರಾ, ತಾನಾಗೇ ಹತ್ತಿಕೊಂಡಿತಾ ಅನ್ನೋದು ಇವತ್ತಿಗೂ ಇತ್ಯರ್ಥ ಆಗಿಲ್ಲ. ಆ ಪತ್ತೇದಾರಿ ಕಥೆ ಬೇಕಾದ್ರೆ ಯೂಟ್ಯೂಬ್ ತುಂಬ ಇದೆ. ನನಗೆ ಆ ಪ್ರಶ್ನೆಗಿಂತ ದೊಡ್ಡದು ಅನ್ಸೋದು, ಒಂದು ಬೀರುವಿನ ಬೆಂಕಿ ಇಡೀ ಹಡಗಿನದಾಗೋಕೆ ಅಲಂಕಾರ ಹೇಗೆ ದಾರಿ ಮಾಡಿಕೊಟ್ಟಿತು ಅನ್ನೋದು.

ಇದರ ಪಕ್ಕದಲ್ಲೇ 'ನಾರ್ಮಂಡಿ'ಯನ್ನೂ ಇಡಬೇಕು. 1935ರಲ್ಲಿ ಬಂದ ಫ್ರಾನ್ಸಿನ ಹೆಮ್ಮೆ. ವಿಂಟರ್ ಗಾರ್ಡನ್‌ನಲ್ಲಿ ಗಿಡ, ಕಾರಂಜಿ, ಪಂಜರದಲ್ಲಿ ಹಾಡೋ ಹಕ್ಕಿಗಳು. ಊಟದ ಹಾಲ್ 90 ಮೀಟರಿಗಿಂತ ಉದ್ದ, ಅದರಲ್ಲಿ ಲಾಲೀಕ್ ಗಾಜಿನ ದೀಪಗಳು. ಹಿಂದಿನ ಎರಡು ಫ್ರೆಂಚ್ ಹಡಗು ಸುಟ್ಟಿದ್ದನ್ನು ನೋಡಿ, ಬೆಂಕಿ ತಡೆಯೋ ವ್ಯವಸ್ಥೆಯನ್ನೂ ಚೆನ್ನಾಗೇ ಮಾಡಿದ್ದರು. ಯುದ್ಧ ಬಂತು, ಅಮೆರಿಕ ಈ ಹಡಗನ್ನು ಸೈನಿಕರನ್ನು ಸಾಗಿಸೋಕೆ ಅಂತ ವಶಕ್ಕೆ ತಗೊಳ್ತು. 1942ರ ಫೆಬ್ರವರಿ 9, ನ್ಯೂಯಾರ್ಕ್ ಬಂದರು. ಲೌಂಜಿನಲ್ಲಿ ವೆಲ್ಡಿಂಗ್ ಟಾರ್ಚ್‌ನಿಂದ ಕಂಬ ಕತ್ತರಿಸ್ತಿದ್ರು. ಪಕ್ಕದಲ್ಲಿ ಲೈಫ್ ಜಾಕೆಟ್‌ಗಳ ರಾಶಿ. ಆಗಿನ ಲೈಫ್ ಜಾಕೆಟ್ ಒಳಗೆ ಏನಿತ್ತು? ಕಪೋಕ್. ಅಂದ್ರೆ ನಮ್ಮಜ್ಜಿಯರು ದಿಂಬಿಗೆ ತುಂಬಿಸ್ತಿದ್ದ ಬೂರುಗದ ಅರಳೆಯ ಜಾತಿಯದ್ದೇ. ಮುಳುಗೋರನ್ನು ಉಳಿಸೋ ಅರಳೆಗೆ ಒಂದು ಕಿಡಿ ಬಿತ್ತು. ಬೆಂಕಿ ಆರಿಸೋಕೆ ಸುರಿದ ನೀರಿನ ಭಾರಕ್ಕೆ ಹಡಗು ರಾತ್ರಿ ಕಳೆಯೋದರೊಳಗೆ ಅಡ್ಡಬಿತ್ತು.

ಇದನ್ನೆಲ್ಲ ನೋಡಿದ ಒಬ್ಬ ಅಮೆರಿಕನ್ ಹಡಗು ವಿನ್ಯಾಸಕ ಮರದ ಮೇಲೇ ಮುನಿಸಿಕೊಂಡುಬಿಟ್ಟ. ವಿಲಿಯಂ ಫ್ರಾನ್ಸಿಸ್ ಗಿಬ್ಸ್. 1952ರಲ್ಲಿ ಅವರ 'ಯುನೈಟೆಡ್ ಸ್ಟೇಟ್ಸ್' ಹಡಗು ಹೊರಟಿತು. ಮೊದಲ ಯಾನದಲ್ಲೇ ಅಟ್ಲಾಂಟಿಕ್ಕನ್ನು ಮೂರೂವರೆ ದಿನದೊಳಗೆ ದಾಟಿ ದಾಖಲೆ ಮಾಡಿತು. ಆ ಹಡಗಿನಲ್ಲಿ ಮರ ಅಂತ ಇದ್ದದ್ದು ಮುಖ್ಯವಾಗಿ ಎರಡೇ ಕಡೆ: ಅಡುಗೆಮನೆಯಲ್ಲಿ ಮಾಂಸ ಕತ್ತರಿಸೋ ದಿಮ್ಮಿ, ಇನ್ನೊಂದು ಪಿಯಾನೋ. ಪಿಯಾನೋವನ್ನೂ ಅಲ್ಯೂಮಿನಿಯಂನಲ್ಲಿ ಮಾಡಿಕೊಡಿ ಅಂತ ಗಿಬ್ಸ್ ಹಠ ಹಿಡಿದಿದ್ದರಂತೆ. ಪಿಯಾನೋ ಕಂಪನಿಯವರು ಮರದ ಪಿಯಾನೋದ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟು, ನೋಡಿ ಹತ್ತಿಕೊಳ್ಳಲ್ಲ ಅಂತ ತೋರಿಸಿದ ಮೇಲೆ ಒಪ್ಪಿದರು ಅಂತ ಒಂದು ಕಥೆ ಇದೆ.

ಈಗ ಕಷ್ಟ ಯಾರಿಗೆ? ಒಳಾಂಗಣ ಮಾಡೋರಿಗೆ. ಡೊರೊಥಿ ಮಾರ್ಕ್‌ವಾಲ್ಡ್ ಮತ್ತು ಆನ್ ಅರ್ಕ್ಹಾರ್ಟ್ ಅನ್ನೋ ಇಬ್ಬರು ಹೆಂಗಸರು ಆ ಕೆಲಸ ಹೊತ್ತರು. ಮರ ಇಲ್ಲ, ಸುಡೋ ಬಟ್ಟೆ ಇಲ್ಲ. ಆದರೂ ಪ್ರಯಾಣಿಕರು ಒಳಗೆ ಬಂದರೆ ಡಬ್ಬಿಯೊಳಗೆ ಬಂದ ಹಾಗೆ ಅನ್ನಿಸಬಾರದು. ಕುರ್ಚಿ ಮೇಜು ಅಲ್ಯೂಮಿನಿಯಂ, ಪರದೆ ಗಾಜಿನ ನಾರಿನದು. ಪ್ರಕೃತಿಯನ್ನು ಚಿತ್ರವಾಗಿ, ಬಣ್ಣವಾಗಿ ತಂದರು. ಡ್ಯಾನ್ಸ್ ಹಾಲ್‌ನಲ್ಲಿ ಗಾಜಿನ ಫಲಕಗಳ ಮೇಲೆ ನೀರೊಳಗಿನ ಲೋಕ ಕೊರೆಸಿದರು. ಒಂದು ದೊಡ್ಡ ಸ್ಯೂಟ್‌ನ ಗೋಡೆಯ ತುಂಬ ಬಾತುಗಳ ಚಿತ್ರ, ಅದಕ್ಕೆ 'ಡಕ್ ಸ್ಯೂಟ್' ಅಂತಲೇ ಹೆಸರು ಬಿತ್ತು. ಗದ್ದುಗೆ ಬಿಟ್ಟ ಇಂಗ್ಲೆಂಡಿನ ದೊರೆ, ವಿಂಡ್ಸರ್ ಡ್ಯೂಕ್, ಅದರಲ್ಲಿ ಉಳಿದುಕೊಳ್ತಿದ್ದರು. ಈ ಹೆಂಗಸರ ಕೆಲಸವನ್ನು ತಣ್ಣಗಿದೆ, ಆಸ್ಪತ್ರೆ ಥರ ಇದೆ ಅಂತ ಮೂಗು ಮುರಿಯೋರು ಇದ್ದಾರೆ. ನಾನು ಒಪ್ಪಲ್ಲ. ಅದರಲ್ಲಿ ಪ್ರಯಾಣ ಮಾಡಿದವರಾರೂ ಬೆಂಕಿಗೆ ಹೆದರಿ ಸಮುದ್ರಕ್ಕೆ ಹಾರಬೇಕಾಗಿ ಬರಲಿಲ್ಲ.

ಎಲ್ಲ ಕಂಪನಿಗಳೂ ಗಿಬ್ಸ್ ಥರ ಇರಲಿಲ್ಲ. 1965ರ ನವೆಂಬರ್ 13. ಮಯಾಮಿಯಿಂದ ಬಹಾಮಾಸ್‌ಗೆ ಹೊರಟ 'ಯಾರ್ಮತ್ ಕ್ಯಾಸಲ್' ಕ್ರೂಸ್ ಹಡಗು ನಡುರಾತ್ರಿ ಸುಟ್ಟಿತು. 1927ರಲ್ಲಿ ಕಟ್ಟಿದ್ದು, ಒಳಗೆ ಮರ, ಮೇಲೆ ವರ್ಷ ವರ್ಷ ಬಳಿದ ಪೇಂಟ್. 90 ಜನ ಸತ್ತರು. ಆಮೇಲೆ ಅಂತರರಾಷ್ಟ್ರೀಯ ನಿಯಮಗಳು ಬಿಗಿಯಾದವು. ಈ ನಿಯಮಗಳ ಪುಸ್ತಕದ ಹೆಸರು ಸೋಲಾಸ್, ಮೊದಲು ಬರೆದದ್ದು 1914ರಲ್ಲಿ, ಟೈಟಾನಿಕ್ ಮುಳುಗಿದ ಮೇಲೆ.

ಇವತ್ತಿನ ಸೋಲಾಸ್‌ನಲ್ಲಿ ಒಂದು ಲೆಕ್ಕ ಇದೆ. ಗೋಡೆಯ ಒಳತಿರುಳು ಸುಡದ ವಸ್ತುವಿನದೇ ಆಗಿರಬೇಕು. ಅದರ ಮೇಲೆ ಅಲಂಕಾರಕ್ಕೆ ಹಾಕೋ ವೆನೀರ್, ಪಟ್ಟಿ, ಮೋಲ್ಡಿಂಗ್ ಹೀಗೆ ಸುಡಬಲ್ಲದ್ದನ್ನೆಲ್ಲ ಸೇರಿಸಿ, ಆ ಕೋಣೆಯ ಗೋಡೆ ಮತ್ತು ಚಾವಣಿಯ ಮೇಲೆ ಸಮನಾಗಿ ಹರಡಿದರೆ 2.5 ಮಿಲಿಮೀಟರ್ ದಪ್ಪ ಮೀರಬಾರದು. ಎರಡೂವರೆ ಮಿಲಿಮೀಟರ್ ಅಂದ್ರೆ ಎರಡು ಎಟಿಎಂ ಕಾರ್ಡ್ ಸೇರಿಸಿದರೆ ಅದಕ್ಕಿಂತಲೂ ತೆಳು, ಮೂರು ಸೇರಿಸಿದರೆ ಹತ್ತಿರ ಹತ್ತಿರ ಅಷ್ಟು. ಒಂದು ಐಷಾರಾಮಿ ಕೋಣೆಯಲ್ಲಿ ಗೋಡೆಗೆ ಸಿಗೋ 'ಕಾಡು' ಇಷ್ಟೇ. ಕುರ್ಚಿ, ಪರದೆ, ಹಾಸಿಗೆಗೆ ಬೇರೆ ಪರೀಕ್ಷೆಗಳಿವೆ. ಹಾಗಾಗಿ ವಿನ್ಯಾಸಕರು ಉಕ್ಕಿನ ಅಥವಾ ಅಲ್ಯೂಮಿನಿಯಂ ಫಲಕದ ಮೇಲೆ ಮರದ ಫೋಟೋ ಇರೋ ಹಾಳೆ ಅಂಟಿಸ್ತಾರೆ. ನಮ್ಮ ಬಡಗಿಗಳು ಮೈಕಾ ಅಂತಾರಲ್ಲ, ಅದರ ಹತ್ತಿರದ ಸಂಬಂಧಿ. ಶುರುವಲ್ಲಿ ಹೇಳಿದ ಲೋಹದ ಸದ್ದು ಇದೇ.

ಬೆಂಕಿ ತಡೆಯೋಕೆ ಮರ ಹೋಯ್ತು, ಜಾಗಕ್ಕೆ ಏನು ಬಂತು? ದಶಕಗಳ ಕಾಲ ಬಂದದ್ದು ಆಸ್ಬೆಸ್ಟಾಸ್, ಕಲ್ನಾರು. ಸುಡಲ್ಲ. ಆದರೆ ಒಡೆದಾಗ ಏಳೋ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಯುನೈಟೆಡ್ ಸ್ಟೇಟ್ಸ್ ಹಡಗಿನ ತುಂಬ ಅದೇ ಇತ್ತು. ಪ್ರಯಾಣಿಕರ ಜೀವ ಉಳಿಸಿದ ಗೋಡೆ, ಕಟ್ಟೋರ ಮತ್ತು ಒಡೆಯೋರ ಜೀವಕ್ಕೆ ಕುತ್ತು. ಈ ಲೆಕ್ಕ ಭಾರತಕ್ಕೂ ಬಂತು. 1962ರಲ್ಲಿ ಓಡಾಟ ಶುರು ಮಾಡಿದ 'ಫ್ರಾನ್ಸ್' ಎಂಬ ಹಡಗು, 1980ರಲ್ಲಿ 'ನಾರ್ವೆ' ಆಗಿ ಮಯಾಮಿಯಿಂದ ಹೊರಡೋ ಭಾರೀ ಕ್ರೂಸ್ ಹಡಗಾಯ್ತು. ಇವತ್ತಿನ ದೈತ್ಯ ಕ್ರೂಸ್ ಹಡಗುಗಳಿಗೆ ದಾರಿ ತೋರಿಸಿದ್ದೇ ಅದು. ಕೊನೆಗೆ 2006ರಲ್ಲಿ 'ಬ್ಲೂ ಲೇಡಿ' ಅನ್ನೋ ಹೆಸರಲ್ಲಿ ಗುಜರಾತಿನ ಅಲಂಗ್ ತೀರಕ್ಕೆ ಒಡೆಯೋಕೆ ಬಂತು. ಒಳಗಿನ ಆಸ್ಬೆಸ್ಟಾಸ್ ವಿಚಾರವಾಗಿ ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2007ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಒಡೆಯೋಕೆ ಅನುಮತಿ ಕೊಟ್ಟಿತು. ಅಲಂಗ್‌ನಲ್ಲಿ ಹಡಗು ಒಡೆಯೋರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರ, ಒಡಿಶಾದಿಂದ ಕೂಲಿಗೆ ಬಂದವರು.

ತೇಗದ ಕಥೆಯೂ ಮುಗಿದಿಲ್ಲ. ದುಬಾರಿ ವಿಹಾರನೌಕೆಗಳ ಡೆಕ್‌ಗೆ ಇವತ್ತಿಗೂ ಮ್ಯಾನ್ಮಾರ್ ತೇಗವೇ ಬೇಕು ಅನ್ನೋರಿದ್ದಾರೆ. 2021ರಲ್ಲಿ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ, ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಅಲ್ಲಿನ ಸರ್ಕಾರಿ ಮರದ ಕಂಪನಿಯ ಮೇಲೆ ನಿರ್ಬಂಧ ಹೇರಿದವು. ಯಾಕಂದ್ರೆ ಆ ತೇಗದ ದುಡ್ಡು ಸೇನೆಗೆ ಹೋಗುತ್ತೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಮುಂದಿನ ಸಲ ಬಂದಾಗ ಫೋಟೋ ತೆಗೆಯೋರು, ಡೆಕ್ ಯಾವುದರದ್ದು ಅಂತಲೂ ಒಮ್ಮೆ ಕೇಳಿ.

ಕೊನೆಯದಾಗಿ ಗಿಬ್ಸ್ ಅವರ ಹಡಗು ಏನಾಯ್ತು ಹೇಳಿಬಿಡ್ತೀನಿ. 1969ರಲ್ಲಿ ಓಡಾಟ ನಿಲ್ಲಿಸಿತು. 1984ರಲ್ಲಿ ಅದರ ಕುರ್ಚಿ, ಮೇಜು, ಫಲಕ ಎಲ್ಲ ಹರಾಜಾಯ್ತು. 1990ರ ದಶಕದಲ್ಲಿ ಅದನ್ನು ಎಳೆದುಕೊಂಡು ಹೋಗಿ ಸೆವಾಸ್ತೊಪೋಲ್‌ನಲ್ಲಿ ಆಸ್ಬೆಸ್ಟಾಸ್ ಕಿತ್ತರು. ಆಮೇಲೆ ಬರೀ ಚಿಪ್ಪಾಗಿ ಫಿಲಡೆಲ್ಫಿಯಾದಲ್ಲಿ ತುಕ್ಕು ಹಿಡೀತಾ ವರ್ಷಗಟ್ಟಲೆ ನಿಂತಿತ್ತು. ಫ್ಲೋರಿಡಾದ ಒಕಲೂಸಾ ಕೌಂಟಿ ಅದನ್ನು ಕೊಂಡುಕೊಳ್ತು. 2025ರ ಫೆಬ್ರವರಿಯಲ್ಲಿ ಟಗ್ ಬೋಟುಗಳು ಅದನ್ನು ಎಳೆದುಕೊಂಡು ಅಲಬಾಮಾದ ಮೊಬೀಲ್ ಕಡೆಗೆ ಹೊರಟವು. ಅಲ್ಲಿ ಎಣ್ಣೆ, ವೈರು, ಪ್ಲಾಸ್ಟಿಕ್ ತೆಗೆದು ಚೊಕ್ಕ ಮಾಡಿ, ಮೆಕ್ಸಿಕೋ ಕೊಲ್ಲಿಯ ತಳಕ್ಕೆ ಇಳಿಸೋದು ಯೋಜನೆ. ಮುನ್ನೂರು ಮೀಟರ್ ಉದ್ದದ ಕೃತಕ ದಿಬ್ಬ, ಮೀನು, ಹವಳ, ಪಾಚಿಗೆ ಮನೆ. ಡ್ಯಾನ್ಸ್ ಹಾಲ್‌ನ ಗಾಜಿನ ಮೇಲೆ ಕೊರೆಸಿದ ಮೀನುಗಳು ಹರಾಜಾಗಿ ಹೋದವು. ಇನ್ನು ಅದೇ ಜಾಗಕ್ಕೆ ಬರೋದು ಜೀವಂತ ಮೀನು.